4,29,49,67,297 ಅವಿಭಾಜ್ಯವೇ?

2ರ 32ನೆಯ ಘಾತಕ್ಕೆ 1 ಕೂಡಿಸಿದರೆ 4,29,49,67,297 ಬರುತ್ತದೆ. 3, 7, 11, 13 ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಇಷ್ಟು ದೊಡ್ಡ ಸಂಖ್ಯೆ ಚಿಕ್ಕವುಗಳಿಗೆ ಬಗ್ಗದಿದ್ದರೆ ಅದು ಅವಿಭಾಜ್ಯವೇ ಇರಬೇಕು ಎನಿಸುವುದು ಸಹಜ. ಫ್ರಾನ್ಸಿನ ಪಿಯರ್ ಡಿ ಫರ್ಮಾ ಅವರಂಥ ಮೇಧಾವಿಯೂ ಹಾಗೇ ನಂಬಿದ್ದರು.

ಅವರ ನಂಬಿಕೆಗೆ ಆಧಾರವಿತ್ತು. 2ರ 1, 2, 4, 8, 16ನೆಯ ಘಾತಗಳಿಗೆ ಒಂದೊಂದು ಕೂಡಿಸಿದರೆ 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆಂದು 1640ರಲ್ಲಿ ಫರ್ಮಾ ಪತ್ರ ಬರೆದರು. ನಾಲ್ಕೈದು ಉದಾಹರಣೆ ತಾಳೆಯಾದರೆ ನಿಯಮ ಸಿಕ್ಕಿತೆಂದು ನಾವೂ ಮಕ್ಕಳಿಗೆ ಕಲಿಸಿಬಿಡುತ್ತೇವೆ. ಅದು ಬರೀ ಊಹೆ, ಸಾಧನೆ ಬೇರೆಯೇ ಆಗಬೇಕು ಎಂದು ಅಲ್ಲೇ ಹೇಳುವುದು ಒಳ್ಳೆಯದು. ಏಕೆಂದರೆ ಆರನೆಯ ಸಂಖ್ಯೆಯಲ್ಲೇ ಫರ್ಮಾ ಎಡವಿದರು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಅದನ್ನು ಒಡೆದು ತೋರಿಸಿದರು: 641 × 67,00,417.

ಆಯ್ಲರ್ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ವರ್ಷಗಟ್ಟಲೆ ಕುಳಿತಿರಬೇಕು ಎಂದುಕೊಂಡರೆ ಅದೂ ತಪ್ಪು. 641 ಎಂಬುದು 116ನೆಯ ಅವಿಭಾಜ್ಯ ಸಂಖ್ಯೆ, ನಿಜ. ಆದರೆ ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವಿದ್ದರೆ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕೆಂದು ಅವರು ಮುಂದೆ ಸಾಧಿಸಿ ತೋರಿಸಿದರು. ಆ ಜಾತಿಯ ಅವಿಭಾಜ್ಯಗಳನ್ನು ಸಾಲಾಗಿ ಬರೆಯಿರಿ: 193, 257, 449, 577, 641. ಐದನೆಯ ಪ್ರಯತ್ನಕ್ಕೇ ಉತ್ತರ. ಕಾಗದ, ಪೆನ್ಸಿಲ್ ಇದ್ದರೆ ಅರ್ಧ ಗಂಟೆಯ ಕೆಲಸ. ಹೈಸ್ಕೂಲಿನ ಯಾವ ಮಗುವೂ ಮಾಡಬಹುದು.

ಇನ್ನೊಂದು ಕಲ್ಪನೆ ಹೆಚ್ಚು ಗಟ್ಟಿಯಾಗಿ ಬೇರೂರಿದೆ: ಸಂಖ್ಯೆ ಅವಿಭಾಜ್ಯವಲ್ಲ ಎನ್ನಬೇಕಾದರೆ ಅದರ ಅಪವರ್ತನ ತೋರಿಸಲೇಬೇಕು. ಬೇಕಿಲ್ಲ. 3ನ್ನು ವರ್ಗ ಮಾಡಿ, ಬಂದದ್ದನ್ನು ಮತ್ತೆ ವರ್ಗ ಮಾಡಿ. ಹೀಗೆ 32 ಸಲ ಮಾಡುತ್ತ, ಪ್ರತಿ ಹಂತದಲ್ಲೂ 4,29,49,67,297ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಸಂಖ್ಯೆ ಅವಿಭಾಜ್ಯವಾಗಿದ್ದರೆ ಕೊನೆಗೆ 1 ಉಳಿಯಬೇಕು. ಉಳಿಯುವುದು 3,02,90,26,160. ಯಾವ ಅಪವರ್ತನವೂ ಗೊತ್ತಾಗಲಿಲ್ಲ, ಆದರೂ ತೀರ್ಪು ಸಿಕ್ಕಿತು. ಈ ಪರೀಕ್ಷೆಯ ಹಿಂದಿರುವ ಪ್ರಮೇಯ ಸ್ವತಃ ಫರ್ಮಾ ಅವರದೇ, ಅದೇ 1640ರದು! ಅದನ್ನು ತಮ್ಮ ಊಹೆಯ ಮೇಲೆ ಪ್ರಯೋಗಿಸಿದ್ದರೆ, ಲೆಕ್ಕದಲ್ಲಿ ತಪ್ಪದಿದ್ದರೆ, ಆಯ್ಲರ್‌ಗಾಗಿ ಸುಮಾರು 90 ವರ್ಷ ಕಾಯಬೇಕಿರಲಿಲ್ಲ.

ಇದೇ ಸಾಲಿನಲ್ಲಿ ಬಹಳ ಮುಂದೆ, 2ರ 10,48,576ನೆಯ ಘಾತಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆಗೆ 3,15,653 ಅಂಕಿಗಳಿವೆ. ಅದು ಅವಿಭಾಜ್ಯವಲ್ಲವೆಂದು 1980ರ ದಶಕದಲ್ಲೇ ಸಿದ್ಧವಾಗಿದೆ, ಒಂದು ಅಪವರ್ತನವೂ ಸಿಕ್ಕಿಲ್ಲ. 65,537ರ ಆಚೆಗೆ ಈ ಜಾತಿಯ ಅವಿಭಾಜ್ಯ ಸಂಖ್ಯೆ ಇನ್ನೊಂದು ಉಂಟೇ ಎಂಬ ಪ್ರಶ್ನೆಗೂ ಈವರೆಗೆ ಉತ್ತರವಿಲ್ಲ.