ನಂಬರು ಖರೆ, ಹರಳು ಖೊಟ್ಟಿ!

ಬೈಲಹೊಂಗಲ: ಹಿಂದೆ ಹರಳು ಬೇಕಾದರೆ ಪೇಟೆಯ ಪತ್ತಾರರ ಅಂಗಡಿಯೇ ಗತಿ. ಮಾಲು ಖೊಟ್ಟಿಯಾದರೆ ಮರುದಿನ ಜಗಳಾಡಲು ಮನುಷ್ಯನಾದರೂ ಸಿಗುತ್ತಿದ್ದ. ಈಗ ಸವದತ್ತಿ, ರಾಮದುರ್ಗದ ಬಸ್ಸಿನಲ್ಲಿ ಕೂತವರ ಮೊಬೈಲಿಗೇ ಅಂಗಡಿ ಬಂದಿದೆ. ನವರತ್ನದ ಉಂಗುರ, ವಜ್ರದ ಬೆಂಡೋಲೆ, ಜೊತೆಗೊಂದು ಮಿರಿಮಿರಿ ಸರ್ಟಿಫಿಕೇಟು. "ಕಾಗದ ಐತಲ್ರಿ, ಮತ್ತೇನ್ ಚಿಂತಿ?" ಎನ್ನುವವರೇ ಬಹಳ. ಚಿಂತೆ ಇರುವುದೇ ಆ ಕಾಗದದಲ್ಲಿ!

ಜೈಪುರದಲ್ಲಿ 2024ರಲ್ಲಿ ಬಯಲಾದ ಪ್ರಕರಣ ನೋಡಿ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ವ್ಯಾಪಾರಿಯಿಂದ ಅಮೆರಿಕದ ಮಹಿಳೆಯೊಬ್ಬರು ಸುಮಾರು 6 ಕೋಟಿ ರೂಪಾಯಿ ಕೊಟ್ಟು ಆಭರಣ ಕೊಂಡರು. ಅದು ಬರೇ 300 ರೂಪಾಯಿಯ ಮಾಲು, ಕೊಟ್ಟ ಸರ್ಟಿಫಿಕೇಟೂ ನಕಲಿ ಎಂಬುದು ದೂರು. ಸರ್ಟಿಫಿಕೇಟು ಬರೆದುಕೊಟ್ಟವನನ್ನೂ ಪೊಲೀಸರು ಹಿಡಿದರು.

ಇನ್ನೊಂದು ಕೈಚಳಕ ಇದಕ್ಕಿಂತ ನಾಜೂಕು. 2023ರಲ್ಲಿ ಇಸ್ರೇಲಿನ ಐಜಿಐ ಪ್ರಯೋಗಾಲಯಕ್ಕೆ 6 ಕ್ಯಾರೆಟ್ಟಿನ ವಜ್ರವೊಂದು ಬಂತು. ಅದರ ಅಂಚಿನ ಮೇಲೆ ಜಿಐಎ ಸಂಸ್ಥೆಯ ನಂಬರು ಕೆತ್ತಿತ್ತು. ನಂಬರು ಖರೆ, ಆದರೆ ಅದು ಬೇರೊಂದು ನೈಸರ್ಗಿಕ ವಜ್ರದ್ದು. ಬಂದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ!

ಆದ್ದರಿಂದ ಸಂಸ್ಥೆಯ ವೆಬ್‌ಸೈಟಿನಲ್ಲಿ ನಂಬರು ಸಿಕ್ಕಿತೆಂದು ದುಡ್ಡು ಕಳಿಸಬೇಡಿ. ಅಲ್ಲಿ ಬರೆದ ತೂಕ, ಅಳತೆ, ಬಣ್ಣ ಕೈಯಲ್ಲಿರುವ ಹರಳಿಗೆ ಹೊಂದಬೇಕು. ಗುರುತಿನ ಪತ್ತಾರರಿಗೆ ತೋರಿಸಿ, ಬಿಡಿ ಹರಳಿದ್ದರೆ ತೂಗಿಸಿ. 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಜಿಐಎ ತನ್ನ ವಜ್ರದ ವರದಿಯಲ್ಲಿ ಬೆಲೆ ಬರೆಯುವುದೇ ಇಲ್ಲ. "ಕಿಮ್ಮತ್ತು 50 ಸಾವಿರ, ನಿಮಗೆ 5 ಸಾವಿರ" ಎಂಬ ಕಾಗದ ಬಂದರೆ ದೂರದಿಂದಲೇ ನಮಸ್ಕಾರ ಹೇಳಿ.

ಹಾಲ್‌ಮಾರ್ಕ್ ಇದೆಯಲ್ಲ ಅಂತೀರಾ? ಅದು ಬಂಗಾರದ ಶುದ್ಧತೆಗೆ ಸಾಕ್ಷಿ, ಹರಳಿಗಲ್ಲ. ಒಡವೆಯ ಮೇಲಿನ 6 ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿ ನೋಡಿ. ಹರಳನ್ನು ಬೇರೆಯೇ ಪರೀಕ್ಷೆ ಮಾಡಿಸಬೇಕು.

ಮೋಸ ಹೋದಿರೋ, ನಾಚಿಕೊಂಡು ಕೂಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ 1915. ಮಾರಿದವ ಸೂರತ್‌ನಲ್ಲಿರಲಿ, ದಿಲ್ಲಿಯಲ್ಲಿರಲಿ, 2019ರ ಗ್ರಾಹಕ ಕಾಯಿದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯ ಆಯೋಗದಲ್ಲೇ ದಾವೆ ಹೂಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್ಲು, ಹಣ ಸಂದಾಯದ ಚೀಟಿ, ವಾಟ್ಸಾಪ್ ಮಾತುಕತೆ ಅಳಿಸದೆ ಇಟ್ಟುಕೊಳ್ಳಿ.

ಮಗಳ ಮದುವೆಗೆಂದು ಹತ್ತಿ ಮಾರಿ, ಮಗ್ಗ ನೇಯ್ದು ಕೂಡಿಸಿದ ರೊಕ್ಕ ಬಣ್ಣದ ಗಾಜಿನ ಪಾಲಾಗದಿರಲಿ.