ಹನ್ನೊಂದರ ಪರೀಕ್ಷೆ ಅಳೆದದ್ದು ಏನನ್ನು?

ಪರೀಕ್ಷೆಯ ಕೊಠಡಿಯಲ್ಲಿ ಎಲ್ಲ ಮಕ್ಕಳೂ ಸಮಾನರು ಎಂಬುದು ಸಾಮಾನ್ಯ ನಂಬಿಕೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅವಧಿ. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡ್ ತನ್ನ ಪ್ರೌಢಶಿಕ್ಷಣವನ್ನು ಈ ನಂಬಿಕೆಯ ಮೇಲೆಯೇ ಕಟ್ಟಿತು.

ಆರ್.ಎ. ಬಟ್ಲರ್ ರೂಪಿಸಿದ 1944ರ ಶಿಕ್ಷಣ ಕಾಯ್ದೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕವನ್ನು ರದ್ದುಗೊಳಿಸಿತು. ಬಡವರ ಮಗುವಾದರೂ ಜಾಣನಾಗಿದ್ದರೆ ಮೇಲೆ ಬರಬಹುದೆಂಬ ಆಶಯ ಅದರದು. ಪ್ರಾಥಮಿಕ ಶಾಲೆಯ ಕೊನೆಯಲ್ಲಿ ಗಣಿತ, ಇಂಗ್ಲಿಷ್ ಹಾಗೂ ಬುದ್ಧಿಶಕ್ತಿಯ ಪರೀಕ್ಷೆ ನಡೆಯುತ್ತಿತ್ತು. ಅದಕ್ಕೆ 'ಇಲೆವೆನ್ ಪ್ಲಸ್' ಎಂದೇ ಹೆಸರು. ತೇರ್ಗಡೆಯಾದವರಿಗೆ ಗ್ರಾಮರ್ ಶಾಲೆ, ಮುಂದೆ ವಿಶ್ವವಿದ್ಯಾಲಯದ ದಾರಿ. ಉಳಿದ ಬಹುಪಾಲು ಮಕ್ಕಳಿಗೆ 'ಸೆಕೆಂಡರಿ ಮಾಡರ್ನ್' ಶಾಲೆ. ಅಲ್ಲಿಂದ ಹೆಚ್ಚಿನವರು ಹದಿನೈದನೆಯ ವಯಸ್ಸಿಗೇ ದುಡಿಮೆಗೆ ಇಳಿಯುತ್ತಿದ್ದರು.

ಈ ವ್ಯವಸ್ಥೆಯ ಒಳಗನ್ನು ತೆರೆದು ತೋರಿಸಿದವರು ಜೆ.ಡಬ್ಲ್ಯು.ಬಿ. ಡಗ್ಲಸ್ ಎಂಬ ವೈದ್ಯರು. 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆಯನ್ನು ಅವರ ತಂಡ ದಾಖಲಿಸುತ್ತ ಬಂತು. 'ದಿ ಹೋಮ್ ಅಂಡ್ ದಿ ಸ್ಕೂಲ್' ಎಂಬ ಅವರ ಗ್ರಂಥ 1964ರಲ್ಲಿ ಹೊರಬಂತು.

ಕಾರ್ಮಿಕರ ಮಕ್ಕಳಿಗೂ ಮಧ್ಯಮವರ್ಗದ ಮಕ್ಕಳಿಗೂ ಎಂಟನೆಯ ವಯಸ್ಸಿನಲ್ಲಿದ್ದ ಅಂಕಗಳ ಅಂತರ ಹನ್ನೊಂದಕ್ಕೆ ಬರುವಾಗ ಇನ್ನಷ್ಟು ಹಿಗ್ಗಿತ್ತು. ಇಬ್ಬರ ಸಾಮರ್ಥ್ಯವೂ ಒಂದೇ ಎಂದು ಅಳತೆಯಲ್ಲಿ ಕಂಡಾಗಲೂ ಗ್ರಾಮರ್ ಶಾಲೆಯ ಸೀಟು ಹೆಚ್ಚಾಗಿ ದಕ್ಕಿದ್ದು ಮಧ್ಯಮವರ್ಗದ ಮಗುವಿಗೆ. ತೀರ ಪ್ರತಿಭಾವಂತರಾದ ಕೆಲವೇ ಮಕ್ಕಳಲ್ಲಿ ಈ ಭೇದ ಕಡಿಮೆ; ಸೀಟು ಸಿಕ್ಕೀತೋ ಇಲ್ಲವೋ ಎಂಬ ಅಂಚಿನಲ್ಲಿದ್ದವರಲ್ಲಿ ಹೆಚ್ಚು.

ಕಾರಣವನ್ನು ಡಗ್ಲಸ್ ಹುಡುಕಿದ್ದು ಮನೆಯಲ್ಲಿ. ಇಕ್ಕಟ್ಟಾದ ಕೋಣೆಗಳು, ಒಂದೇ ಹಾಸಿಗೆ ಹಂಚಿಕೊಳ್ಳುವ ಮಕ್ಕಳು, ದೊಡ್ಡ ಕುಟುಂಬ. ಇವೆಲ್ಲಕ್ಕಿಂತ ಮಿಗಿಲಾಗಿ ಓದಿನಲ್ಲಿ ಹೆತ್ತವರಿಗಿದ್ದ ಆಸಕ್ತಿ. ಅವರು ಶಾಲೆಗೆ ಬಂದು ಶಿಕ್ಷಕರನ್ನು ಕಾಣುತ್ತಿದ್ದರೇ ಎಂಬುದು ಅದರ ಒಂದು ಅಳತೆಗೋಲು. ಆದರೆ ಪಾಳಿಯಲ್ಲಿ ದುಡಿಯುವ, ತಾನೇ ಬೇಗ ಶಾಲೆ ಬಿಟ್ಟ ತಂದೆಗೆ ಆ ಬಾಗಿಲು ತಟ್ಟಲು ಬಿಡುವೂ ಇಲ್ಲ, ಧೈರ್ಯವೂ ಇಲ್ಲ. ಅವನು ಬರಲಿಲ್ಲವೆಂದ ಮಾತ್ರಕ್ಕೆ ಮಗುವಿನ ಮೇಲೆ ಅಕ್ಕರೆ ಇರಲಿಲ್ಲವೆನ್ನಲಾಗದು.

1965ರಲ್ಲಿ ಲೇಬರ್ ಸರ್ಕಾರ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಶಾಲೆಗಳತ್ತ ಸಾಗುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಕ್ರಮೇಣ ಹೆಚ್ಚಿನ ಕಡೆ ಆ ಪರೀಕ್ಷೆ ನಿಂತಿತು. ಆದರೂ ಕೆಂಟ್‌ನಂಥ ಕೆಲವು ಪ್ರದೇಶಗಳಲ್ಲಿ ಅದು ಇಂದಿಗೂ ಉಳಿದಿದೆ. ಅದಕ್ಕಾಗಿ ಹಣ ತೆತ್ತು ಮಕ್ಕಳಿಗೆ ಟ್ಯೂಷನ್ ಹೇಳಿಸುವ ಹೆತ್ತವರೂ ಇದ್ದಾರೆ. ಫಲಿತಾಂಶದ ಪಟ್ಟಿಯಲ್ಲಿ ಕಾಣುವುದು ಮಗುವಿನ ಹೆಸರೊಂದೇ. ಅದರ ಅಂಕಗಳಲ್ಲಿ ಮನೆಯ ಪಾಲೂ ಸೇರಿರುತ್ತದೆ.