ಹತ್ತು ಗಂಟೆ ಮೇಲೆ ಮೀಟರ್ ಬೇಕಿಲ್ಲ

ನಮ್ಮ ಇಂಟರ್ನಲ್ಸ್‌ಗೂ ಪಿಜಿ ಪಕ್ಕದ ಚೌಲ್ಟ್ರಿಯ ಆರ್ಕೆಸ್ಟ್ರಾಗೂ ಅದೇನು ನಂಟೋ, ಎರಡೂ ಒಟ್ಟಿಗೇ ಬರುತ್ತವೆ. "ಒಂದಿನ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಕೇಳಿ ಸಾಕಾಗಿ, ಕಾನೂನು ಏನು ಹೇಳುತ್ತೆ ಅಂತ ನಾವು ರೂಮ್‌ಮೇಟ್ಸ್ ಕೂತು ಓದಿದೆವು.

ಇಡೀ ದೇಶಕ್ಕೆ ಅನ್ವಯಿಸೋದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಅಂಗಡಿ ಬೀದಿಗಳಿಗೆ 65 ಮತ್ತು 55. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿದ್ದರೆ ಅಲ್ಲಿ 50 ಮತ್ತು 40. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6.

ಆದರೆ ಮಿತಿ ದಾಟಿದ ತಕ್ಷಣ ದೂರು ಕೊಡೋಕಾಗಲ್ಲ. ಮಿತಿಗಿಂತ 10 ಡೆಸಿಬಲ್ ಜಾಸ್ತಿ ಇರಬೇಕು. ಹತ್ತು ತಾನೇ ಅನ್ಸುತ್ತೆ, ಆದ್ರೆ ಡೆಸಿಬಲ್ ಲಾಗ್ ಸ್ಕೇಲ್ ಅಲ್ವಾ? 10 ಜಾಸ್ತಿ ಅಂದ್ರೆ ಶಕ್ತಿ 10 ಪಟ್ಟು. ಒಂದು ಸ್ಪೀಕರ್ ಇದ್ದ ಕಡೆ ಅಂಥದ್ದೇ ಹತ್ತು ಇಟ್ಟಂಗೆ! ಇನ್ನೊಂದು ತೊಡಕು, ಅಳೆಯೋದು ಸರಾಸರಿಯನ್ನ. ಹಗಲಲ್ಲಿ 15 ನಿಮಿಷ 70 ಡೆಸಿಬಲ್ ಬಡಿದು ಉಳಿದ 45 ನಿಮಿಷ ಸುಮ್ಮನಿದ್ದರೆ ಆ ಗಂಟೆಯ ಸರಾಸರಿ ಸುಮಾರು 64. ದೂರಿಗೆ ಬೇಕಾದ 65 ಮುಟ್ಟಲೇ ಇಲ್ಲ. ಫೋನಿನ ಆ್ಯಪ್ ತೋರಿಸಿ ವಾದ ಮಾಡೋಣ ಅಂದ್ರೆ ಅದರ ಮೈಕ್ ಕ್ಯಾಲಿಬ್ರೇಟ್ ಆಗಿರಲ್ಲ.

ನಮಗೆ ಖುಷಿ ಕೊಟ್ಟಿದ್ದು ಅದೇ ನಿಯಮದ ಉಳಿದರ್ಧ. ರಾತ್ರಿಯ ನಿರ್ಬಂಧ ಮುರಿದರೆ ಡೆಸಿಬಲ್ ಲೆಕ್ಕವೇ ಬೇಡ, ದೂರು ಕೊಡಬಹುದು. 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಸದ್ದು ಮಾಡೋ ಕಟ್ಟಡ ಕೆಲಸದ ಯಂತ್ರವನ್ನೂ ಓಡಿಸುವಂತಿಲ್ಲ. ಹಬ್ಬಗಳಿಗೆ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾಜ್ಯ ಸರ್ಕಾರ 12ರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಮುಚ್ಚಿದ ಹಾಲ್ ಒಳಗಿನ ಸ್ಪೀಕರ್‌ಗೆ ಮಾತ್ರ ಈ ನಿರ್ಬಂಧ ಇಲ್ಲ, ಚೌಲ್ಟ್ರಿಯವರು ಹಿಡ್ಕೊಳ್ಳೋದು ಇದನ್ನೇ. ಶಾಮಿಯಾನ ಮುಚ್ಚಿದ ಹಾಲ್ ಹೇಗಾಗುತ್ತೆ?

ಹಾಗಾಗಿ 112ಕ್ಕೆ ಫೋನ್ ಮಾಡಿದಾಗ "ತುಂಬಾ ಸೌಂಡ್ ಸಾರ್" ಅನ್ನಬೇಡಿ, ಅದು ಅಭಿಪ್ರಾಯ ಆಗುತ್ತೆ. "ಇಷ್ಟು ಗಂಟೆ ಆಗಿದೆ, ಇಂಥ ಕಡೆ ಹೊರಗೆ ಸ್ಪೀಕರ್ ಹಾಕಿದ್ದಾರೆ" ಅನ್ನಿ. ಹಗಲಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಅದು ಇದೆಯಾ ಅಂತಲೂ ಕೇಳಿ. ಕಾರ್ಖಾನೆಯ ಸದ್ದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಬೇಕು. ಪದೇ ಪದೇ ಆಗ್ತಿದ್ರೆ ಸ್ಟೇಷನ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ನಿಯಮದ ಪ್ರಕಾರ ಅಧಿಕಾರ ಇರೋದು ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ಅದಕ್ಕೆಂದು ನೇಮಿಸಿದ, ಡಿವೈಎಸ್‌ಪಿಗಿಂತ ಕೆಳಗಿಲ್ಲದ ಅಧಿಕಾರಿಗೆ. ಅವರಿಗೂ ಒಂದು ಪ್ರತಿ ಕಳಿಸಿ, ನಿಮ್ಮ ಪ್ರತಿ ಮೇಲೆ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ.